ಕೈಯಲ್ಲಿ ಹಿಡಿಯುವ ಲಿನಕ್ಸ್ ಸಾಧನದ ಲಾಗಿನ್ ಪಾಸ್‌ವರ್ಡ್: ಬದಲಿಸುವ, ತೆಗೆಯುವ ಮತ್ತು ಮರೆತಾಗ ಮರಳಿ ಪಡೆಯುವ ಸಮಗ್ರ ಮಾರ್ಗದರ್ಶಿ

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಕೊಂಡ ಲಾಟುಗಳ ತೂಕ ಮತ್ತು ದರವನ್ನೂ, ಆಮೇಲೆ ಒಂದೊಂದು ಲಾಟಿನಿಂದ ಇಳಿದ ನೂಲಿನ ಲೆಕ್ಕವನ್ನೂ ನಮ್ಮ ಅಣ್ಣ ಪೈನ್‌ಫೋನ್ ಎಂಬ ಮೊಬೈಲಿನಲ್ಲಿ ಬರೆದಿಡುತ್ತಾರೆ. ಅದರೊಳಗೆ ಆಂಡ್ರಾಯ್ಡ್ ಬದಲಿಗೆ ಇರುವುದು ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ. ಬಿಸಿನೀರಿನ ಬೇಸಿನ್ ಮುಂದೆ ಕೆಲಸ ಮಾಡುವವರ ಕೈ ಹಗಲೆಲ್ಲ ಒದ್ದೆಯಾಗಿಯೇ ಇರುತ್ತದೆ. ಪರದೆ ಪದೇಪದೇ ಬೀಗ ಹಾಕಿಕೊಂಡು ಪಾಸ್‌ವರ್ಡ್ ಕೇಳಿದಾಗಲೆಲ್ಲ ಒದ್ದೆ ಬೆರಳಿಗೆ ಒಂದು ಅಂಕಿ ಎರಡು ಸಲ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. “ಇದನ್ನ ತೆಗೆದೇ ಹಾಕಪ್ಪ, ನಮ್ಮನೇಲಿ ಕದಿಯೋರು ಯಾರಿದ್ದಾರೆ” ಎಂದು ಅಣ್ಣ ಒಂದು ದಿನ ಬೇಸರದಿಂದ ಹೇಳಿದರು. ಆ ಒಂದು ಮಾತನ್ನು ನಡೆಸಿಕೊಡಲು ಹೋಗಿ ನಾನು ಕಲಿತದ್ದನ್ನು, ಮಾಡಿದ ತಪ್ಪುಗಳನ್ನೂ ಸೇರಿಸಿ, ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆದೇಶಗಳನ್ನು ಬರೆದಿರುವ ರೀತಿಯ ಬಗ್ಗೆ ಮೊದಲೇ ಒಂದು ಮಾತು ಹೇಳಬೇಕು. ಇಲ್ಲಿ ಎಲ್ಲ ಆದೇಶಗಳನ್ನೂ ಉಚ್ಚರಿಸುವ ಹಾಗೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಸಾಧನದಲ್ಲಿ ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹೊಡೆಯಬೇಕು. ಈ ಬರಹದುದ್ದಕ್ಕೂ ಬರುವ ‘ಪಾಸ್‌ಡಬ್ಲ್ಯುಡಿ’ ಎಂಬ ಆದೇಶ ಆರೇ ಅಕ್ಷರಗಳದ್ದು: ಪಾಸ್‌ವರ್ಡ್ ಎಂಬುದರ ಇಂಗ್ಲಿಷ್ ಕಾಗುಣಿತದಿಂದ ‘ಓ’ ಮತ್ತು ‘ಆರ್’ ಎರಡನ್ನು ಬಿಟ್ಟರೆ ಉಳಿಯುವುದೇ ಅದು. ‘-ಡಿ’ ಎಂದು ಬರೆದಿರುವ ಕಡೆ ಅಡ್ಡಗೆರೆಗೂ ಅಕ್ಷರಕ್ಕೂ ನಡುವೆ ಜಾಗ ಬಿಡಬಾರದು, ಅಡ್ಡಗೆರೆಯ ಹಿಂದೆ ಮಾತ್ರ ಜಾಗ ಬಿಡಬೇಕು.

ಕೇಳುತ್ತಿರುವುದು ಯಾವ ಪಾಸ್‌ವರ್ಡ್?

ಸಾಧನದ ಪಾಸ್‌ವರ್ಡ್ ತೆಗೆಯಬೇಕು ಎನ್ನುವವರಲ್ಲಿ ಹೆಚ್ಚಿನವರು ಒಂದೇ ಪಾಸ್‌ವರ್ಡ್ ಇದೆ ಎಂದು ತಿಳಿದಿರುತ್ತಾರೆ. ನಿಜವಾಗಿ ಒಂದು ಸಾಧನ ನಾಲ್ಕು ಬೇರೆ ಬೇರೆ ಗುಟ್ಟುಗಳನ್ನು ಕೇಳಬಹುದು, ಮತ್ತು ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಗುಂಡಿ ಒತ್ತಿ ಸಾಧನವನ್ನು ಚಾಲೂ ಮಾಡಿದ ಕೂಡಲೇ, ವ್ಯವಸ್ಥೆ ಏಳುವ ಮೊದಲೇ, ಸರಳವಾದ ಒಂದು ಕೀಲಿಮಣೆ ಬಂದು ಗುಟ್ಟು ಕೇಳಿದರೆ ಅದು ಸಂಗ್ರಹದ ಗೂಢಲಿಪಿಯ ಬೀಗ. ಇದನ್ನು ಲಕ್ಸ್ ಎನ್ನುತ್ತಾರೆ. ವ್ಯವಸ್ಥೆ ಎದ್ದ ಮೇಲೆ ಗಡಿಯಾರದ ಪರದೆಯನ್ನು ಮೇಲಕ್ಕೆ ಸರಿಸಿದಾಗ ಅಂಕಿಗಳ ಫಲಕ ಬಂದರೆ ಅದು ಪರದೆಯ ಬೀಗ. ಸಿಮ್ ಕಾರ್ಡಿನ ಪಿನ್ ಕೇಳಿದರೆ ಅದಕ್ಕೂ ಲಿನಕ್ಸಿಗೂ ಸಂಬಂಧವಿಲ್ಲ. ಅದನ್ನು ಮೂರು ಸಲ ತಪ್ಪಾಗಿ ಕೊಟ್ಟರೆ ಸಿಮ್ ತಾನೇ ಬೀಗ ಹಾಕಿಕೊಂಡು ಪಿಯುಕೆ ಸಂಖ್ಯೆ ಕೇಳುತ್ತದೆ, ಆದ್ದರಿಂದ ಅಲ್ಲಿ ಊಹೆ ಮಾಡಿ ಒತ್ತುತ್ತಾ ಹೋಗಬಾರದು. ಇನ್ನು ನಾಲ್ಕನೆಯದು ಟರ್ಮಿನಲ್ಲಿನಲ್ಲಿ (ಆದೇಶಗಳನ್ನು ಹೊಡೆಯುವ ಕಿಟಕಿಯಲ್ಲಿ) ರೂಟ್ ಎಂಬ ಮೇಲ್ವಿಚಾರಕನ ಪೂರ್ಣ ಅಧಿಕಾರ ಕೊಡುವ ‘ಸುಡೊ’ ಅಥವಾ ‘ಡೂಅಸ್’ ಬಳಸಿದಾಗ, ಇಲ್ಲವೇ ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಎಂಬ ದೂರಸಂಪರ್ಕದ ಮೂಲಕ ಬಂದಾಗ ಕೇಳುವ ಬಳಕೆದಾರನ ಪಾಸ್‌ವರ್ಡ್.

ಪರದೆಯ ಬೀಗ ಕೇಳುವುದೂ ಇದೇ ಬಳಕೆದಾರನ ಪಾಸ್‌ವರ್ಡನ್ನೇ ಎಂಬುದನ್ನು ಗಮನಿಸಬೇಕು. ಪೈನ್‌ಫೋನಿನಂಥ ಸಾಧನಗಳಲ್ಲಿ ಬಳಸುವ ಫೋಶ್ ಎಂಬ ಪರದೆ ವ್ಯವಸ್ಥೆಯಲ್ಲಿ ಪಿನ್ ಎಂಬ ಬೇರೊಂದು ಸಂಖ್ಯೆ ಇರುವುದಿಲ್ಲ. ಆಂಡ್ರಾಯ್ಡ್ ಬಳಸಿ ಬಂದವರು ಇಲ್ಲೇ ಎಡವುತ್ತಾರೆ. ಪರದೆಯ ಮೇಲೆ ಮೂಡುವುದು ಅಂಕಿಗಳ ಫಲಕವಾದ್ದರಿಂದಲೇ ಈ ಸಾಧನಗಳ ಪಾಸ್‌ವರ್ಡನ್ನು ಬರೀ ಅಂಕಿಗಳಲ್ಲಿ ಇಡುವ ರೂಢಿ ಬಂದಿದೆ: ಪೋಸ್ಟ್‌ಮಾರ್ಕೆಟ್‌ಓಎಸ್‌ನ ಸಿದ್ಧ ಪ್ರತಿಗಳಲ್ಲಿ ಬಳಕೆದಾರನ ಹೆಸರು ‘ಯೂಸರ್’, ಪಾಸ್‌ವರ್ಡ್ 147147, ಡೆಬಿಯನ್ ಎಂಬ ಲಿನಕ್ಸಿನಿಂದ ಬಂದ ಮೊಬಿಯನ್‌ನಲ್ಲಿ ಹೆಸರು ‘ಮೊಬಿಯನ್’, ಪಾಸ್‌ವರ್ಡ್ 1234. ಇವು ಲೋಕಕ್ಕೆಲ್ಲ ಗೊತ್ತಿರುವ ಸಂಖ್ಯೆಗಳು. ತೆಗೆಯುವ ಮಾತು ಹಾಗಿರಲಿ, ಬದಲಿಸದೆ ಬಿಟ್ಟಿದ್ದರೆ ಅದೂ ಪಾಸ್‌ವರ್ಡ್ ಇಲ್ಲದ್ದಕ್ಕೆ ಸಮ.

ಪಾಸ್‌ವರ್ಡ್ ಇರುವುದು ಎಲ್ಲಿ?

ಇದನ್ನು ತಿಳಿಯದೆಯೂ ಬದಲಿಸಬಹುದು, ಆದರೆ ಏನಾದರೂ ಕೆಟ್ಟಾಗ ಸರಿಪಡಿಸಲು ಆಗುವುದಿಲ್ಲ. ಬಳಕೆದಾರರ ಹೆಸರು, ಮನೆ ಕೋಶ ಮುಂತಾದ ವಿವರಗಳು ‘/ಇಟಿಸಿ/ಪಾಸ್‌ಡಬ್ಲ್ಯುಡಿ’ ಎಂಬ ಕಡತದಲ್ಲಿರುತ್ತವೆ. ಪಾಸ್‌ವರ್ಡ್ ಮಾತ್ರ ಅಲ್ಲಿಲ್ಲ. ಅದರ ಜಾಗದಲ್ಲಿ ‘ಎಕ್ಸ್’ ಎಂಬ ಒಂದು ಅಕ್ಷರವಿರುತ್ತದೆ. ನಿಜವಾದ ಗುಟ್ಟು ಇರುವುದು ‘/ಇಟಿಸಿ/ಶ್ಯಾಡೊ’ ಕಡತದಲ್ಲಿ, ಅದನ್ನು ಸಾಮಾನ್ಯ ಬಳಕೆದಾರ ಓದಲಾರ. ಅಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು. ಒಂದು ಸಾಲಿನಲ್ಲಿ ಕೋಲನ್ ಚಿಹ್ನೆಯಿಂದ ಬೇರ್ಪಟ್ಟ ಒಂಬತ್ತು ಮನೆಗಳು. ಮೊದಲನೆಯ ಮನೆಯಲ್ಲಿ ಹೆಸರು, ಎರಡನೆಯದರಲ್ಲಿ ಪಾಸ್‌ವರ್ಡಿನ ಹ್ಯಾಶ್. ಹ್ಯಾಶ್ ಎಂದರೆ ಗೂಡಿನಿಂದ ಬಿಚ್ಚಿದ ನೂಲಿನ ಹಾಗೆ: ನೂಲನ್ನು ನೋಡಿ ಹಳೆಯ ಗೂಡನ್ನು ಮತ್ತೆ ಕಟ್ಟಲಾಗುವುದಿಲ್ಲ. ನಾವು ಕೊಟ್ಟ ಪಾಸ್‌ವರ್ಡನ್ನು ವ್ಯವಸ್ಥೆ ಮತ್ತೊಮ್ಮೆ ಹ್ಯಾಶ್ ಮಾಡಿ ಎರಡೂ ಒಂದೇ ಇವೆಯೇ ಎಂದು ಹೋಲಿಸುತ್ತದೆ, ಅಷ್ಟೇ.

ಎರಡನೆಯ ಮನೆಯ ಮೊದಲ ಚಿಹ್ನೆಗಳಿಂದ ತುಂಬಾ ಸಂಗತಿ ತಿಳಿಯುತ್ತದೆ. $6$ ಎಂದು ಶುರುವಾದರೆ ಎಸ್‌ಎಚ್‌ಎ-512 ವಿಧಾನ, $ವೈ$ ಎಂದಿದ್ದರೆ ಯೆಸ್‌ಕ್ರಿಪ್ಟ್. ಆಶ್ಚರ್ಯಸೂಚಕ ಚಿಹ್ನೆ ಅಥವಾ ನಕ್ಷತ್ರ ಇದ್ದರೆ ಯಾವ ಪಾಸ್‌ವರ್ಡಿನಿಂದಲೂ ಒಳಬರಲಾಗದು. ಮನೆ ಖಾಲಿಯಿದ್ದರೆ ಪಾಸ್‌ವರ್ಡ್ ಇಲ್ಲವೆಂದರ್ಥ. ಖಾಲಿ ಮನೆಗೂ ಬೀಗ ಹಾಕಿದ ಮನೆಗೂ ಇರುವ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಮೂರನೆಯ ಮನೆಯಲ್ಲಿ ಪಾಸ್‌ವರ್ಡ್ ಕೊನೆಯ ಸಲ ಬದಲಾದ ದಿನಾಂಕ, 1970ರ ಜನವರಿ 1ರಿಂದ ಎಣಿಸಿದ ದಿನಗಳ ಲೆಕ್ಕದಲ್ಲಿ ಇರುತ್ತದೆ. ಅಲ್ಲಿ 0 ಇದ್ದರೆ ಮುಂದಿನ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಿಸಲೇಬೇಕು ಎಂದರ್ಥ. ಬ್ಯಾಟರಿ ಪೂರ್ತಿ ಇಳಿದು ಗಡಿಯಾರ ತಪ್ಪಿ 1970ಕ್ಕೆ ಮರಳಿದ ಸಾಧನದಲ್ಲಿ ಮೊದಲು ದಿನಾಂಕ ಸರಿಪಡಿಸಿ, ಆಮೇಲೆ ಪಾಸ್‌ವರ್ಡಿಗೆ ಕೈ ಹಾಕಬೇಕು ಎನ್ನುವುದು ಈ ಕಾರಣಕ್ಕೆ.

ಗೊತ್ತಿರುವ ಪಾಸ್‌ವರ್ಡನ್ನು ಬದಲಿಸುವುದು

ಸಣ್ಣ ಪರದೆಯ ಮೇಲೆ ಈ ಕೆಲಸವನ್ನು ಮಾಡಬಹುದು, ಆದರೆ ಲ್ಯಾಪ್‌ಟಾಪಿನಿಂದ ಮಾಡುವುದು ಹೆಚ್ಚು ಸುರಕ್ಷಿತ ಎಂಬುದು ನನ್ನ ಅನುಭವ. ಪೋಸ್ಟ್‌ಮಾರ್ಕೆಟ್‌ಓಎಸ್ ಇರುವ ಸಾಧನವನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದರೆ ಎರಡರ ನಡುವೆ ಒಂದು ಪುಟ್ಟ ಜಾಲ ಏರ್ಪಡುತ್ತದೆ, ಅದರಲ್ಲಿ ಸಾಧನದ ವಿಳಾಸ 172.16.42.1. ಸಾಧನದಲ್ಲಿ ಎಸ್‌ಎಸ್‌ಎಚ್ ಸೇವೆ ಚಾಲನೆಯಲ್ಲಿದ್ದರೆ, ಕಂಪ್ಯೂಟರಿನ ಟರ್ಮಿನಲ್ಲಿನಲ್ಲಿ ‘ಎಸ್‌ಎಸ್‌ಎಚ್ ಯೂಸರ್@172.16.42.1’ ಎಂದು ಕೊಟ್ಟು ಒಳಗೆ ಹೋಗಬಹುದು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿರಲಿ.

ಒಳಗೆ ಹೋದ ಮೇಲೆ ಮೊದಲು ಶ್ಯಾಡೊ ಕಡತದ ಒಂದು ಪ್ರತಿ ತೆಗೆದಿಡಿ: ‘ಸುಡೊ ಸಿಪಿ -ಪಿ /ಇಟಿಸಿ/ಶ್ಯಾಡೊ /ರೂಟ್/ಶ್ಯಾಡೊ.ಹಳೆ’ ಎಂಬಂತೆ, ಹೆಸರು ನಿಮಗೆ ಬೇಕಾದ್ದು. ಸುಡೊ ಇಲ್ಲದ ವ್ಯವಸ್ಥೆಯಲ್ಲಿ ಅದರ ಜಾಗಕ್ಕೆ ಡೂಅಸ್ ಬರುತ್ತದೆ. ನಂತರ ‘ಪಾಸ್‌ಡಬ್ಲ್ಯುಡಿ’ ಎಂದು ಮಾತ್ರ ಹೊಡೆದು ಎಂಟರ್ ಒತ್ತಿ. ಈಗಿನ ಪಾಸ್‌ವರ್ಡನ್ನು ಒಮ್ಮೆ, ಹೊಸದನ್ನು ಎರಡು ಸಲ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯ ಮೇಲೆ ಅಕ್ಷರವಾಗಲಿ ಚುಕ್ಕಿಯಾಗಲಿ ಕಾಣುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಒತ್ತಬೇಡಿ. ತುಂಬಾ ಚಿಕ್ಕದಾದ ಪಾಸ್‌ವರ್ಡನ್ನು ವ್ಯವಸ್ಥೆ ಒಪ್ಪದಿದ್ದರೆ ‘ಸುಡೊ ಪಾಸ್‌ಡಬ್ಲ್ಯುಡಿ ಯೂಸರ್’ ಎಂದು ರೂಟ್ ಅಧಿಕಾರದಿಂದ ಕೊಡಬಹುದು. ರೂಟ್‌ಗೆ ಎಚ್ಚರಿಕೆ ಬರುತ್ತದೆಯೇ ಹೊರತು ಸಾಮಾನ್ಯವಾಗಿ ತಡೆ ಬರುವುದಿಲ್ಲ, ಹಳೆಯ ಪಾಸ್‌ವರ್ಡನ್ನೂ ಅದು ಕೇಳುವುದಿಲ್ಲ.

ಈಗ ನಾನು ಮಾಡಿದ ತಪ್ಪನ್ನು ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಟೈಪ್ ಮಾಡುವ ಯಾರಿಗಾದರೂ ಇದು ಆಗಬಹುದು. ಲ್ಯಾಪ್‌ಟಾಪಿನಲ್ಲಿ ಲೆಕ್ಕದ ಹಾಳೆಗೆ ಶೀರ್ಷಿಕೆ ಬರೆಯುತ್ತಿದ್ದವನು ಕೀಲಿಮಣೆಯನ್ನು ಕನ್ನಡದಲ್ಲೇ ಬಿಟ್ಟು ಟರ್ಮಿನಲ್ಲಿಗೆ ಬಂದಿದ್ದೆ. ಕೆಲವು ಕನ್ನಡ ಕೀಲಿಮಣೆ ವಿನ್ಯಾಸಗಳಲ್ಲಿ ಮೇಲಿನ ಸಾಲಿನ ಗುಂಡಿಗಳು 1, 2, 3ರ ಬದಲು ೧, ೨, ೩ ಎಂದು ಮೂಡಿಸುತ್ತವೆ. ಯೂನಿಕೋಡಿನ ಲೆಕ್ಕದಲ್ಲಿ 1 ಮತ್ತು ೧ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಅಕ್ಷರಗಳು. ಆದೇಶವನ್ನು ಹಿಂದಿನ ಸಾಲಿನಿಂದ ಮೇಲ್ಬಾಣದ ಗುಂಡಿಯಲ್ಲಿ ತಂದಿದ್ದೆ, ಪಾಸ್‌ವರ್ಡ್ ಪರದೆಯ ಮೇಲೆ ಕಾಣುವುದಿಲ್ಲ, ಎರಡು ಸಲವೂ ಒಂದೇ ರೀತಿ ಒತ್ತಿದ್ದರಿಂದ ಹೊಂದಿಕೆಯೂ ಆಯಿತು. ಬದಲಾಯಿತು ಎಂಬ ಸಂದೇಶ ಬಂತು, ನಾನು ಕಿಟಕಿ ಮುಚ್ಚಿಬಿಟ್ಟೆ. ಅಣ್ಣನ ಪರದೆಯ ಅಂಕಿಫಲಕದಲ್ಲಿ ಕನ್ನಡದ ಅಂಕಿಗಳೇ ಇಲ್ಲ. ಅವರು ಎಷ್ಟು ಸರಿಯಾಗಿ ಒತ್ತಿದರೂ ಬೀಗ ತೆರೆಯಲಿಲ್ಲ, ಅಂದಿನ ಲಾಟಿನ ಲೆಕ್ಕವನ್ನು ಅವರು ರಟ್ಟಿನ ಮೇಲೆ ಬರೆದುಕೊಳ್ಳಬೇಕಾಯಿತು.

ಅಂದಿನಿಂದ ಎರಡು ನಿಯಮ ಪಾಲಿಸುತ್ತಿದ್ದೇನೆ. ಪಾಸ್‌ವರ್ಡ್ ಕೊಡುವ ಮೊದಲು ಹೊಸ ಸಾಲಿನಲ್ಲಿ ಬೇರೆ ಯಾವುದಾದರೂ ಅಂಕಿಗಳನ್ನು ಹೊಡೆದು, ಅವು ಇಂಗ್ಲಿಷ್ ಅಂಕಿಗಳಾಗಿಯೇ ಮೂಡುತ್ತಿವೆಯೇ ಎಂದು ಕಣ್ಣಾರೆ ನೋಡಿ ಅಳಿಸುತ್ತೇನೆ. ಎರಡನೆಯದು ಇನ್ನೂ ಮುಖ್ಯ: ಪಾಸ್‌ವರ್ಡ್ ಬದಲಿಸಿದ ಮೇಲೆ ಎಸ್‌ಎಸ್‌ಎಚ್ ಕಿಟಕಿಯನ್ನು ಮುಚ್ಚುವುದಿಲ್ಲ. ‘ಸುಡೊ -ಐ’ ಎಂದು ಕೊಟ್ಟು ಆ ಕಿಟಕಿಯಲ್ಲಿ ರೂಟ್ ಆಗಿ ಕುಳಿತಿರುವಾಗಲೇ, ಸಾಧನದ ಪರದೆಗೆ ಬೀಗ ಹಾಕಿ, ಹೊಸ ಪಾಸ್‌ವರ್ಡಿನಿಂದ ಅದನ್ನು ಬೆರಳಿನಲ್ಲೇ ತೆರೆದು ನೋಡುತ್ತೇನೆ. ತೆರೆಯದಿದ್ದರೆ ತೆರೆದಿರುವ ಕಿಟಕಿಯಿಂದ ಮತ್ತೊಮ್ಮೆ ಬದಲಿಸಿದರಾಯಿತು. ಈ ಒಂದು ನಿಮಿಷದ ತಾಳ್ಮೆ ಇದ್ದಿದ್ದರೆ ಮುಂದಿನ ಮರುಪಡೆಯುವ ಕಸರತ್ತು ನನಗೆ ಬೇಕಾಗುತ್ತಿರಲಿಲ್ಲ.

ತೆಗೆದುಹಾಕುವುದು ಎಂದರೆ

ರೂಟ್ ಅಧಿಕಾರದಿಂದ ‘ಪಾಸ್‌ಡಬ್ಲ್ಯುಡಿ -ಡಿ ಯೂಸರ್’ ಎಂದು ಕೊಟ್ಟರೆ ಆ ಬಳಕೆದಾರನ ಪಾಸ್‌ವರ್ಡ್ ಅಳಿಸಿಹೋಗುತ್ತದೆ. ಶ್ಯಾಡೊ ಕಡತದ ಎರಡನೆಯ ಮನೆ ಖಾಲಿಯಾಗುತ್ತದೆ, ಮತ್ತೇನೂ ಆಗುವುದಿಲ್ಲ. ಇದನ್ನು ‘-ಎಲ್’ ಜೊತೆ ಗೊಂದಲ ಮಾಡಿಕೊಳ್ಳಬಾರದು: ‘-ಎಲ್’ ಪಾಸ್‌ವರ್ಡನ್ನು ತೆಗೆಯುವುದಿಲ್ಲ, ಹ್ಯಾಶಿನ ಮುಂದೆ ಆಶ್ಚರ್ಯಸೂಚಕ ಹಾಕಿ ಬಾಗಿಲನ್ನೇ ಮುಚ್ಚುತ್ತದೆ, ‘-ಯು’ ಕೊಟ್ಟರೆ ಅದು ಮತ್ತೆ ತೆರೆಯುತ್ತದೆ. ರೂಟ್ ಖಾತೆ ಮೊದಲೇ ಮುಚ್ಚಿರುವ ಸಾಧನದಲ್ಲಿ ಇರುವ ಒಬ್ಬನೇ ಬಳಕೆದಾರನಿಗೂ ‘-ಎಲ್’ ಕೊಟ್ಟು ಹೊರಬಂದರೆ, ಪಾಸ್‌ವರ್ಡಿನಿಂದ ಒಳಗೆ ಹೋಗುವ ದಾರಿ ಒಂದೂ ಉಳಿಯುವುದಿಲ್ಲ.

ಮನೆ ಖಾಲಿಯಾದ ಮೇಲೆ ಸಾಧನ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಪ್ಯಾಮ್ ಎಂಬ ಪರೀಕ್ಷಾ ವ್ಯವಸ್ಥೆ ತೀರ್ಮಾನಿಸುತ್ತದೆ. ‘/ಇಟಿಸಿ/ಪ್ಯಾಮ್.ಡಿ’ ಕೋಶದ ಕಡತಗಳಲ್ಲಿ ‘ನಲ್‌ಓಕೆ’ ಎಂಬ ಪದ ಇದ್ದರೆ ಖಾಲಿ ಪಾಸ್‌ವರ್ಡನ್ನು ಒಪ್ಪುತ್ತದೆ, ಇಲ್ಲದಿದ್ದರೆ ಖಾಲಿ ಬಿಟ್ಟವರನ್ನು ಒಳಗೆ ಬಿಡುವುದಿಲ್ಲ. ಹೀಗೆ ಎರಡು ಕಡೆಯಿಂದಲೂ ತೊಂದರೆಯಿದೆ. ಒಪ್ಪದ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ತೆಗೆದವರೇ ಹೊರಗೆ ಉಳಿಯುತ್ತಾರೆ. ಒಪ್ಪುವ ವ್ಯವಸ್ಥೆಯಲ್ಲಿ ಸುಡೊ ಕೂಡ ಏನನ್ನೂ ಕೇಳದೆ ರೂಟ್ ಅಧಿಕಾರವನ್ನು ಕೊಟ್ಟುಬಿಡುತ್ತದೆ. ಅಂದರೆ ಕೈತಪ್ಪಿ ಓಡಿಸಿದ ಯಾವುದೋ ಒಂದು ಸ್ಕ್ರಿಪ್ಟ್ ಇಡೀ ಸಾಧನವನ್ನು ತಿದ್ದಬಲ್ಲದು. ಎಸ್‌ಎಸ್‌ಎಚ್ ಮಾತ್ರ ತನ್ನ ಮೂಲ ಹೊಂದಿಕೆಯಲ್ಲಿ ಖಾಲಿ ಪಾಸ್‌ವರ್ಡಿನವರನ್ನು ಒಳಗೆ ಬಿಡುವುದಿಲ್ಲ, ಅದನ್ನು ಬದಲಿಸಲು ಹೋಗಬೇಡಿ.

ಇಷ್ಟೆಲ್ಲ ತಿಳಿದ ಮೇಲೂ ತೆಗೆಯಲೇಬೇಕಾದ ಸಂದರ್ಭಗಳು ಇಲ್ಲವೆಂದಲ್ಲ. ಮಕ್ಕಳು ಕಲಿಯಲು ಇಟ್ಟ, ಜಾಲಕ್ಕೆ ಸೇರದ, ಒಳಗೆ ಯಾರ ಲೆಕ್ಕವೂ ಇಲ್ಲದ ಸಾಧನದಲ್ಲಿ ತೆಗೆದರೆ ನಷ್ಟವಿಲ್ಲ. ಆಗಲೂ ರೂಟ್ ಕಿಟಕಿಯೊಂದನ್ನು ತೆರೆದಿಟ್ಟುಕೊಂಡೇ ‘-ಡಿ’ ಕೊಟ್ಟು, ಪರದೆಯ ಬೀಗವನ್ನು ಪರೀಕ್ಷಿಸಿ, ಸಾಧನವನ್ನು ಒಮ್ಮೆ ಮರುಚಾಲನೆ ಮಾಡಿ ನೋಡಿ. ದುಡ್ಡಿನ ಲೆಕ್ಕ, ಸಂದೇಶಗಳು, ಬ್ಯಾಂಕಿನ ಓಟಿಪಿ ಬರುವ ಸಿಮ್ ಇರುವ ಸಾಧನದಲ್ಲಿ ತೆಗೆಯಬಾರದು ಎಂದು ನಾನು ಖಚಿತವಾಗಿ ಹೇಳುತ್ತೇನೆ, ಅಣ್ಣನಿಗೂ ಅದನ್ನೇ ಹೇಳಿದೆ.

ಪಾಸ್‌ವರ್ಡ್ ಉಳಿಸಿಕೊಂಡು ಕಾಟ ತಪ್ಪಿಸುವುದು

ಅಣ್ಣನಿಗೆ ಬೇಕಾಗಿದ್ದದ್ದು ಪಾಸ್‌ವರ್ಡ್ ಇಲ್ಲದಿರುವುದಲ್ಲ, ಒದ್ದೆ ಕೈಯಲ್ಲಿ ಪದೇಪದೇ ಒತ್ತುವ ಕಷ್ಟ ತಪ್ಪುವುದು. ಈ ಎರಡು ಬೇರೆ ಬೇರೆ ಎಂದು ಹೊಳೆದ ಮೇಲೆ ಕೆಲಸ ಸುಲಭವಾಯಿತು. ಸೆಟ್ಟಿಂಗ್ಸ್‌ನ ಖಾಸಗಿತನದ ವಿಭಾಗದಲ್ಲಿ ಪರದೆ ಬೀಗದ ಪುಟವಿದೆ. ಅಲ್ಲಿ ತಾನಾಗಿ ಬೀಗ ಹಾಕುವುದನ್ನು ನಿಲ್ಲಿಸಿದರೆ ಪರದೆ ಆರಿ ಮತ್ತೆ ಹೊತ್ತಿಕೊಂಡಾಗ ಪಾಸ್‌ವರ್ಡ್ ಕೇಳುವುದಿಲ್ಲ. ಸಾಧನವನ್ನು ಆರಿಸಿ ಮತ್ತೆ ಚಾಲೂ ಮಾಡಿದಾಗ ಒಂದು ಸಲ ಕೇಳಬಹುದು. ಟರ್ಮಿನಲ್ಲಿನಿಂದ ಮಾಡುವವರು ‘ಜಿಸೆಟ್ಟಿಂಗ್ಸ್ ಸೆಟ್ ಆರ್ಗ್.ಗ್ನೋಮ್.ಡೆಸ್ಕ್‌ಟಾಪ್.ಸ್ಕ್ರೀನ್‌ಸೇವರ್ ಲಾಕ್-ಎನೇಬಲ್ಡ್ ಫಾಲ್ಸ್’ ಎಂದು ಕೊಡಬಹುದು. ಇದನ್ನು ಸುಡೊ ಇಲ್ಲದೆ, ಆ ಬಳಕೆದಾರನ ಹೆಸರಿನಲ್ಲೇ, ಸಾಧನದ ಪರದೆಯಲ್ಲಿ ತೆರೆದ ಟರ್ಮಿನಲ್ಲಿನಲ್ಲಿ ಕೊಡಬೇಕು. ರೂಟ್ ಆಗಿ ಕೊಟ್ಟರೆ ಬದಲಾಗುವುದು ರೂಟ್‌ನ ಹೊಂದಿಕೆ.

ಜೊತೆಗೆ ಪಾಸ್‌ವರ್ಡನ್ನು ಆರು ಅಂಕಿಗಳದ್ದಾಗಿ ಇಟ್ಟೆವು. ನಾಲ್ಕು ಅಂಕಿಗಳಾದರೆ ಇರುವ ಸಾಧ್ಯತೆಗಳು 10,000, ಆರಾದರೆ 10 ಲಕ್ಷ. ಕೈಯಲ್ಲಿ ಒತ್ತಿ ನೋಡುವವರಿಗೆ 10 ಲಕ್ಷ ದೊಡ್ಡ ಸಂಖ್ಯೆ. ಜಾಲದ ಮೂಲಕ ಪ್ರೋಗ್ರಾಂ ಬಳಸಿ ಪ್ರಯತ್ನಿಸುವವರಿಗೆ ಅಲ್ಲ. ಹಾಗಾಗಿ ಬರೀ ಅಂಕಿಗಳ ಪಾಸ್‌ವರ್ಡ್ ಇಟ್ಟವರು ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಬೇಕು. ಲ್ಯಾಪ್‌ಟಾಪಿನಲ್ಲಿ ‘ಎಸ್‌ಎಸ್‌ಎಚ್-ಕೀಜೆನ್’ ಆದೇಶದಿಂದ ಪಾಸ್‌ವರ್ಡಿನ ಬದಲು ಬಳಸುವ ಕೀಲಿಜೋಡಿ ಮಾಡಿಕೊಂಡು, ‘ಎಸ್‌ಎಸ್‌ಎಚ್-ಕಾಪಿ-ಐಡಿ’ ಮೂಲಕ ಅದರ ಬಹಿರಂಗ ಕೀಲಿಯನ್ನು ಸಾಧನಕ್ಕೆ ಕಳುಹಿಸಿ, ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತದೆ ಎಂದು ಖಚಿತವಾದ ಮೇಲೆ, ‘/ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ ಕಡತದ ‘ಪಾಸ್‌ವರ್ಡ್‌ಅಥೆಂಟಿಕೇಶನ್’ ಸಾಲನ್ನು ‘ನೋ’ ಮಾಡಿ ಸೇವೆಯನ್ನು ಮರುಚಾಲನೆ ಮಾಡಿ. ಈ ಆದೇಶಗಳಲ್ಲಿ ಎಸ್‌ಎಸ್‌ಎಚ್ ಎಂಬುದು ಮೂರೇ ಇಂಗ್ಲಿಷ್ ಅಕ್ಷರಗಳು. ಈ ಸಾಲಿನಲ್ಲಿ ಮಾತ್ರ ‘ಪಾಸ್‌ವರ್ಡ್’ ಪೂರ್ತಿ ಕಾಗುಣಿತದಲ್ಲಿದೆ, ‘ಓ’ ಮತ್ತು ‘ಆರ್’ ಬಿಡಬಾರದು.

ಪಾಸ್‌ವರ್ಡ್ ಮರೆತಾಗ, ಅಥವಾ ಗೊತ್ತಿದ್ದೂ ಒತ್ತಲಾಗದಾಗ

ಪೈನ್‌ಫೋನಿಗೆ ಒಂದು ಒಳ್ಳೆಯ ಗುಣವಿದೆ: ಮೈಕ್ರೊಎಸ್‌ಡಿ ಕಾರ್ಡಿನಲ್ಲಿ ವ್ಯವಸ್ಥೆಯೊಂದು ಇದ್ದರೆ, ಒಳಗಿನ ಇಎಂಎಂಸಿ ಸಂಗ್ರಹವನ್ನು ಬಿಟ್ಟು ಮೊದಲು ಕಾರ್ಡಿನಿಂದಲೇ ಏಳುತ್ತದೆ. ಆದ್ದರಿಂದ ಒಳಗಿನ ಪಾಸ್‌ವರ್ಡ್ ಕಳೆದುಹೋದರೆ, ಬೇರೊಂದು ವ್ಯವಸ್ಥೆಯಿಂದ ಎದ್ದು, ಒಳಗಿನದನ್ನು ತೆರೆದು, ಹೊಸ ಪಾಸ್‌ವರ್ಡ್ ಬರೆದು ಬರಬಹುದು. ಸಂಗ್ರಹಕ್ಕೆ ಲಕ್ಸ್ ಗೂಢಲಿಪಿ ಹಾಕಿರಬಾರದು, ಇಲ್ಲವೇ ಅದರ ಗುಟ್ಟು ನಿಮಗೆ ಗೊತ್ತಿರಬೇಕು. ಲಕ್ಸ್ ಗುಟ್ಟೇ ಮರೆತಿದ್ದರೆ ಒಳಗಿರುವುದನ್ನು ಯಾರೂ ತೆರೆಯಲಾರರು. ಗುಟ್ಟು ನೆನಪಿರುವವರು ಅದನ್ನು ಬದಲಿಸಬೇಕಾದರೆ ‘ಕ್ರಿಪ್ಟ್‌ಸೆಟಪ್’ ಪ್ರೋಗ್ರಾಮಿನ ‘ಲಕ್ಸ್‌ಆಡ್‌ಕೀ’ ಆದೇಶದಿಂದ ಹೊಸದನ್ನು ಮೊದಲು ಸೇರಿಸಿ, ಅದರಿಂದ ತೆರೆದು ನೋಡಿ, ಆಮೇಲಷ್ಟೇ ‘ಲಕ್ಸ್‌ರಿಮೂವ್‌ಕೀ’ ಆದೇಶದಿಂದ ಹಳೆಯದನ್ನು ತೆಗೆಯಿರಿ. ಈ ಎರಡರಲ್ಲೂ ‘ಕೀ’ ಪದದ ಮೊದಲ ಅಕ್ಷರವೂ ನಡುವಿನ ಪದದ ಮೊದಲ ಅಕ್ಷರವೂ ದೊಡ್ಡಕ್ಷರ.

ಕಾರ್ಡಿಗೆ ಮೊಬಿಯನ್ ಹಾಕಿಕೊಳ್ಳಿ ಎಂಬುದು ನನ್ನ ಸಲಹೆ. ಕಾರ್ಡಿಗೂ ಪೋಸ್ಟ್‌ಮಾರ್ಕೆಟ್‌ಓಎಸ್ ಹಾಕಿದರೆ ಕಾರ್ಡಿನ ವಿಭಾಗಕ್ಕೂ ಒಳಗಿನ ವಿಭಾಗಕ್ಕೂ ‘ಪಿಎಂಓಎಸ್_ರೂಟ್’ ಎಂಬ ಒಂದೇ ಹೆಸರುಪಟ್ಟಿ ಬಂದು, ಯಾವುದು ಯಾವುದೆಂದು ನಮಗೂ ಯಂತ್ರಕ್ಕೂ ಗೊಂದಲವಾಗುವ ಸಾಧ್ಯತೆಯಿದೆ. ಪೈನ್‌ಫೋನಿಗೆ ಹೊಂದುವ ಮೊಬಿಯನ್ ಪ್ರತಿಯನ್ನು ಇಳಿಸಿಕೊಂಡು, ಎಚರ್‌ನಂಥ ಪ್ರೋಗ್ರಾಂನಿಂದ ಕಾರ್ಡಿಗೆ ಬರೆಯಿರಿ. ಕಾರ್ಡಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಸಾಧನವನ್ನು ಪೂರ್ತಿ ಆರಿಸಿ, ಹಿಂಬದಿಯ ಮುಚ್ಚಳ ತೆಗೆದು ಕಾರ್ಡ್ ಹಾಕಿ, ಚಾಲೂ ಮಾಡಿ. ಮೊದಲ ಸಲ ಏಳಲು ಹೆಚ್ಚು ಹೊತ್ತು ಹಿಡಿಯುತ್ತದೆ.

1234 ಕೊಟ್ಟು ಒಳಗೆ ಹೋಗಿ ಟರ್ಮಿನಲ್ ತೆರೆದು, ‘ಎಲ್‌ಎಸ್‌ಬಿಎಲ್‌ಕೆ’ ಎಂದು ಕೊಟ್ಟರೆ ಸಂಗ್ರಹಗಳ ಪಟ್ಟಿ ಬರುತ್ತದೆ. ಪೈನ್‌ಫೋನಿನಲ್ಲಿ ಕಾರ್ಡಿನ ಹೆಸರು ‘ಎಂಎಂಸಿಬಿಎಲ್‌ಕೆ0’, ಒಳಗಿನ ಸಂಗ್ರಹದ್ದು ‘ಎಂಎಂಸಿಬಿಎಲ್‌ಕೆ2’. ಗಾತ್ರವನ್ನೂ ನೋಡಿ ಖಚಿತಪಡಿಸಿಕೊಳ್ಳಿ: ಒಳಗಿನದು ಸಾಧನದ ಮಾದರಿಗೆ ತಕ್ಕಂತೆ 16 ಅಥವಾ 32 ಜಿಬಿ. ಅದರ ಎರಡನೆಯ ವಿಭಾಗ ಸಾಮಾನ್ಯವಾಗಿ ವ್ಯವಸ್ಥೆ ಇರುವ ವಿಭಾಗ. ‘ಸುಡೊ ಮೌಂಟ್ /ಡೆವ್/ಎಂಎಂಸಿಬಿಎಲ್‌ಕೆ2ಪಿ2 /ಎಂಎನ್‌ಟಿ’ ಎಂದು ಅದನ್ನು ಜೋಡಿಸಿ. ಬಳಿಕ ‘ಎಲ್‌ಎಸ್ /ಎಂಎನ್‌ಟಿ/ಹೋಮ್’ ಎಂದು ಕೊಟ್ಟು ಅಲ್ಲಿ ನಿಮ್ಮ ಹಳೆಯ ಬಳಕೆದಾರನ ಹೆಸರು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಬೇರೆ ವಿಭಾಗವನ್ನು ಜೋಡಿಸಿದ್ದೀರಿ, ಮುಂದುವರಿಯಬೇಡಿ.

ಕಂಡರೆ ‘ಸುಡೊ ಮೌಂಟ್ --ಬೈಂಡ್ /ಡೆವ್ /ಎಂಎನ್‌ಟಿ/ಡೆವ್’ ಕೊಟ್ಟು, ಆಮೇಲೆ ‘ಸುಡೊ ಸಿಎಚ್‌ರೂಟ್ /ಎಂಎನ್‌ಟಿ /ಯುಎಸ್‌ಆರ್/ಬಿನ್/ಪಾಸ್‌ಡಬ್ಲ್ಯುಡಿ ಯೂಸರ್’ ಎಂದು ಕೊಡಿ. ಸಿಎಚ್‌ರೂಟ್ ಎಂದರೆ ಆ ವಿಭಾಗವನ್ನೇ ಮನೆಯೆಂದು ಭಾವಿಸಿ ಅದರೊಳಗಿನ ಪ್ರೋಗ್ರಾಮನ್ನು ಓಡಿಸುವುದು. ಹಳೆಯ ಪಾಸ್‌ವರ್ಡ್ ಕೇಳದೆ ಹೊಸದನ್ನು ಎರಡು ಸಲ ಕೇಳುತ್ತದೆ. ಮುಗಿದ ಮೇಲೆ ‘ಸಿಂಕ್’ ಎಂದು ಕೊಟ್ಟು ಬರೆದದ್ದೆಲ್ಲ ಸಂಗ್ರಹಕ್ಕೆ ಇಳಿಯಲು ಬಿಡಿ, ಜೋಡಿಸಿದ್ದನ್ನು ‘ಯುಮೌಂಟ್’ ಆದೇಶದಿಂದ, ಮೊದಲು ಡೆವ್, ನಂತರ ಎಂಎನ್‌ಟಿ, ಹೀಗೆ ಬಿಡಿಸಿ; ಈ ಆದೇಶದ ಕಾಗುಣಿತದಲ್ಲಿ ‘ಯು’ ಆದ ಮೇಲೆ ‘ಎನ್’ ಇರುವುದಿಲ್ಲ. ಸಾಧನವನ್ನು ಕ್ರಮವಾಗಿ ಆರಿಸಿದ ಮೇಲೆ ಕಾರ್ಡ್ ತೆಗೆಯಿರಿ. ಕಾರ್ಡ್ ಒಳಗೇ ಉಳಿದರೆ ಮತ್ತೆ ಮೊಬಿಯನ್ನೇ ಏಳುತ್ತದೆ, ಪಾಸ್‌ವರ್ಡ್ ಬದಲಾಗಲಿಲ್ಲವೆಂದು ಸುಮ್ಮನೆ ಗಾಬರಿಯಾಗುತ್ತದೆ.

ಇಷ್ಟು ಮಾಡಿದ ಮೇಲೆ ನನಗೆ ಸಮಾಧಾನದ ಜೊತೆ ಚಿಂತೆಯೂ ಆಯಿತು. ಗೂಢಲಿಪಿ ಇಲ್ಲದ ಸಾಧನವನ್ನು ಕೈಗೆ ಪಡೆದ ಯಾರೇ ಆದರೂ ಒಂದು ಕಾರ್ಡಿನಿಂದ ಇದೇ ಕೆಲಸವನ್ನು ಮಾಡಬಲ್ಲರು. ಲಾಗಿನ್ ಪಾಸ್‌ವರ್ಡ್ ಪಕ್ಕದಲ್ಲಿ ನಿಂತವರನ್ನು ತಡೆಯುತ್ತದೆ, ಸಾಧನವನ್ನು ಕದ್ದವರನ್ನು ತಡೆಯುವುದಿಲ್ಲ. ಕಳ್ಳತನದ ಭಯವಿರುವವರು ಹೊಸದಾಗಿ ವ್ಯವಸ್ಥೆ ಹಾಕುವಾಗಲೇ ಲಕ್ಸ್ ಆಯ್ದುಕೊಳ್ಳಬೇಕು.

ಶ್ಯಾಡೊ ಕಡತವನ್ನು ನೇರವಾಗಿ ತಿದ್ದುವುದು

ಕಾರ್ಡಿನಿಂದ ಎದ್ದರೂ ಸಣ್ಣ ಪರದೆಯಲ್ಲಿ ಟೈಪ್ ಮಾಡಲು ಕಷ್ಟವೆನಿಸಿದರೆ ಇನ್ನೊಂದು ದಾರಿಯಿದೆ. ಜಂಪ್‌ಡ್ರೈವ್ ಎಂಬ ಪುಟ್ಟ ಪ್ರತಿಯನ್ನು ಕಾರ್ಡಿಗೆ ಬರೆದು ಅದರಿಂದ ಏಳಿಸಿ, ಯುಎಸ್‌ಬಿ ತಂತಿಯಲ್ಲಿ ಜೋಡಿಸಿದರೆ, ಫೋನಿನ ಒಳಗಿನ ಸಂಗ್ರಹ ಲಿನಕ್ಸ್ ಲ್ಯಾಪ್‌ಟಾಪಿಗೆ ಪೆನ್‌ಡ್ರೈವಿನಂತೆ ಕಾಣಿಸುತ್ತದೆ. ಇಲ್ಲಿ ಸಿಎಚ್‌ರೂಟ್ ನೇರವಾಗಿ ನಡೆಯದು, ಏಕೆಂದರೆ ಫೋನಿನ ಪ್ರೋಗ್ರಾಂಗಳು ಆರ್ಮ್ ಚಿಪ್ಪಿಗೆ ಬರೆದವು, ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಇರುವುದು ಇಂಟೆಲ್ ಅಥವಾ ಎಎಂಡಿ ಚಿಪ್ಪು. ಕಡತವನ್ನೇ ತಿದ್ದಬೇಕು.

ಲ್ಯಾಪ್‌ಟಾಪಿನಲ್ಲಿ ‘ಓಪನ್‌ಎಸ್‌ಎಸ್‌ಎಲ್ ಪಾಸ್‌ಡಬ್ಲ್ಯುಡಿ -6’ ಎಂದು ಕೊಟ್ಟರೆ ಹೊಸ ಪಾಸ್‌ವರ್ಡನ್ನು ಎರಡು ಸಲ ಕೇಳಿ, $6$ ಎಂದು ಶುರುವಾಗುವ ಉದ್ದದ ಹ್ಯಾಶನ್ನು ಪರದೆಗೆ ಬರೆಯುತ್ತದೆ. ಅದನ್ನು ಪೂರ್ತಿಯಾಗಿ, ಕೊನೆಯ ಅಕ್ಷರವೂ ಬಿಡದಂತೆ, ಫೋನಿನ ಶ್ಯಾಡೊ ಕಡತದಲ್ಲಿ ಬಳಕೆದಾರನ ಸಾಲಿನ ಮೊದಲ ಮತ್ತು ಎರಡನೆಯ ಕೋಲನ್‌ಗಳ ನಡುವೆ ಅಂಟಿಸಿ ಉಳಿಸಬೇಕು. ಆ ಜಾಗವನ್ನು ಖಾಲಿ ಬಿಟ್ಟರೆ ‘-ಡಿ’ ಕೊಟ್ಟದ್ದಕ್ಕೆ ಸಮ. ತನ್ನ ಲ್ಯಾಪ್‌ಟಾಪಿನ ಶ್ಯಾಡೊ ಕಡತದಿಂದಲೇ ಹ್ಯಾಶನ್ನು ನಕಲು ಮಾಡಿದರೆ ಸಾಕಲ್ಲವೇ ಎಂದು ಕೆಲವರಿಗೆ ತೋರಬಹುದು. ಡೆಬಿಯನ್ 11ರಿಂದೀಚೆಗೆ ಅಲ್ಲಿ ಮೂಲ ವಿಧಾನ ಯೆಸ್‌ಕ್ರಿಪ್ಟ್. ಪೋಸ್ಟ್‌ಮಾರ್ಕೆಟ್‌ಓಎಸ್‌ನ ತಳಹದಿಯಾದ ಆಲ್ಪೈನ್ ಲಿನಕ್ಸ್ ಬಳಸುವ ಮಸಲ್ ಎಂಬ ಮೂಲ ಲೈಬ್ರರಿಗೆ ಆ ವಿಧಾನ ತಿಳಿಯದು, ಆದ್ದರಿಂದ ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆರೆಯದೆ ಹೋಗಬಹುದು. $6$ ಎರಡೂ ಕಡೆ ನಡೆಯುತ್ತದೆ.

ಈ ವಿಧಾನದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ದಾರಿ ತಪ್ಪುವುದು. ತಿದ್ದಬೇಕಾದದ್ದು ‘/ಎಂಎನ್‌ಟಿ/ಇಟಿಸಿ/ಶ್ಯಾಡೊ’, ಅಭ್ಯಾಸಬಲದಿಂದ ‘/ಇಟಿಸಿ/ಶ್ಯಾಡೊ’ ತೆರೆದರೆ ನಿಮ್ಮ ಲ್ಯಾಪ್‌ಟಾಪಿನ ಪಾಸ್‌ವರ್ಡೇ ಹಾಳಾಗುತ್ತದೆ. ಕಡತ ತೆರೆದ ಮೇಲೆ ಫೋನಿನ ಬಳಕೆದಾರನ ಹೆಸರು ಅಲ್ಲಿದೆಯೇ ಎಂದು ನೋಡಿಯೇ ಮೊದಲ ಅಕ್ಷರವನ್ನು ಮುಟ್ಟಿ.

ಬೇರೆ ಕೆಲವು ಸಾಧನಗಳು

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹಲಗೆಯಿಂದ ಕಟ್ಟಿದ ಕೈಸಾಧನಗಳಲ್ಲಿ 2022ರ ಏಪ್ರಿಲ್‌ವರೆಗೆ ‘ಪೈ’ ಎಂಬ ಬಳಕೆದಾರ, ‘ರಾಸ್ಪ್‌ಬೆರಿ’ ಎಂಬ ಪಾಸ್‌ವರ್ಡ್ ಮೊದಲೇ ಇರುತ್ತಿದ್ದವು. ಆಮೇಲೆ ಬಂದ ಪ್ರತಿಗಳಲ್ಲಿ ನಾವೇ ಹೆಸರು ಮತ್ತು ಪಾಸ್‌ವರ್ಡ್ ಕೊಡಬೇಕು. ಮರೆತರೆ ಎಸ್‌ಡಿ ಕಾರ್ಡನ್ನು ಯಾವುದೇ ಕಂಪ್ಯೂಟರಿಗೆ ಹಾಕಿ, ಅದರ ಬೂಟ್ ವಿಭಾಗದಲ್ಲಿರುವ ‘ಸಿಎಂಡಿಲೈನ್.ಟಿಎಕ್ಸ್‌ಟಿ’ ಕಡತದ ಒಂದೇ ಸಾಲಿನ ಕೊನೆಗೆ, ಒಂದು ಜಾಗ ಬಿಟ್ಟು ‘ಇನಿಟ್=/ಬಿನ್/ಎಸ್‌ಎಚ್’ ಎಂದು ಸೇರಿಸಿ. ಹೊಸ ಸಾಲು ಮಾಡಬಾರದು. ಕೀಲಿಮಣೆ ಜೋಡಿಸಿ ಏಳಿಸಿದರೆ ನೇರವಾಗಿ ರೂಟ್ ಆಗಿ ಒಳಗಿರುತ್ತೀರಿ. ‘ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯು /’ ಎಂದು ಕೊಟ್ಟು ಬರೆಯಲು ಅವಕಾಶ ಮಾಡಿಕೊಂಡು, ‘ಪಾಸ್‌ಡಬ್ಲ್ಯುಡಿ’ ಮುಂದೆ ಬಳಕೆದಾರನ ಹೆಸರು ಕೊಟ್ಟು ಬದಲಿಸಿ, ಸಿಂಕ್ ಮಾಡಿ ಆರಿಸಿ, ಸೇರಿಸಿದ್ದ ಪದವನ್ನು ಕಡತದಿಂದ ತೆಗೆಯಿರಿ.

2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಆಟದ ಕೈಸಾಧನದಲ್ಲಿ ಬಳಕೆದಾರನ ಹೆಸರು ‘ಡೆಕ್’, ಮೊದಲಿಗೆ ಪಾಸ್‌ವರ್ಡ್ ಇಟ್ಟಿರುವುದಿಲ್ಲ. ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಕನ್ಸೋಲ್ ಎಂಬ ಟರ್ಮಿನಲ್ ತೆರೆದು ‘ಪಾಸ್‌ಡಬ್ಲ್ಯುಡಿ’ ಕೊಟ್ಟು ಇಟ್ಟುಕೊಳ್ಳಬಹುದು, ‘ಸುಡೊ ಪಾಸ್‌ಡಬ್ಲ್ಯುಡಿ -ಡಿ ಡೆಕ್’ ಎಂದು ತೆಗೆಯಬಹುದು. ಆಟದ ಪರದೆಯಲ್ಲಿ ಇಡುವ ಪಿನ್ ಬೇರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬದಲಿಸಿದ ಮೇಲೆ ಹಳೆಯದನ್ನೇ ಕೇಳಿದರೆ

ಪಾಸ್‌ವರ್ಡ್ ಬದಲಾಗಿ ಪರದೆಯೂ ತೆರೆದ ಮೇಲೆ, ಇಮೇಲ್ ತೆರೆದಾಗ ಕೀರಿಂಗ್ ತೆರೆಯಲು ಪಾಸ್‌ವರ್ಡ್ ಕೊಡಿ ಎಂಬ ಕಿಟಕಿ ಬರಬಹುದು. ಅಲ್ಲಿ ಹೊಸ ಪಾಸ್‌ವರ್ಡ್ ನಡೆಯುವುದಿಲ್ಲ. ಗ್ನೋಮ್ ಕೀರಿಂಗ್ ಎಂಬುದು ಉಳಿದ ಪ್ರೋಗ್ರಾಂಗಳ ಗುಟ್ಟುಗಳನ್ನು ಇಡುವ ಪೆಟ್ಟಿಗೆ, ಅದಕ್ಕೆ ಬೀಗವಾಗಿರುವುದು ಲಾಗಿನ್ ಪಾಸ್‌ವರ್ಡೇ. ಬಳಕೆದಾರನೇ ತನ್ನ ಹಳೆಯ ಪಾಸ್‌ವರ್ಡ್ ಕೊಟ್ಟು ಬದಲಿಸಿದಾಗ, ಪ್ಯಾಮ್‌ನಲ್ಲಿ ಅದಕ್ಕೆ ವ್ಯವಸ್ಥೆ ಇದ್ದರೆ, ಪೆಟ್ಟಿಗೆಯ ಬೀಗವೂ ಜೊತೆಗೇ ಬದಲಾಗುತ್ತದೆ. ರೂಟ್ ಆಗಿ, ಕಾರ್ಡಿನಿಂದ ಎದ್ದು, ಅಥವಾ ಕಡತ ತಿದ್ದಿ ಬದಲಿಸಿದಾಗ ಪೆಟ್ಟಿಗೆಗೆ ಸುದ್ದಿಯೇ ಮುಟ್ಟುವುದಿಲ್ಲ. ಹಳೆಯದು ನೆನಪಿದ್ದರೆ ಸೀಹಾರ್ಸ್ ಎಂಬ ಪ್ರೋಗ್ರಾಂ ತೆರೆದು, ‘ಲಾಗಿನ್’ ಪೆಟ್ಟಿಗೆಯನ್ನು ಆಯ್ದು, ಹಳೆಯದನ್ನು ಕೊಟ್ಟು ಹೊಸದಕ್ಕೆ ಬದಲಿಸಿ. ನೆನಪಿಲ್ಲದಿದ್ದರೆ ಆ ಪೆಟ್ಟಿಗೆಯನ್ನು ಅಳಿಸಿ, ಅದರಲ್ಲಿದ್ದ ಖಾತೆಗಳಿಗೆ ಮತ್ತೊಮ್ಮೆ ಒಂದೊಂದಾಗಿ ಲಾಗಿನ್ ಆಗಬೇಕು.

ಕೊನೆಗೆ, ಮೊದಲು ತೆಗೆದಿಟ್ಟ ಶ್ಯಾಡೊ ಪ್ರತಿಯನ್ನು ಎಲ್ಲವೂ ಸರಿಯಾಗಿದೆ ಎಂದು ಎರಡು ಮೂರು ದಿನ ನೋಡಿದ ಮೇಲೆ ಅಳಿಸಿಬಿಡಿ, ಅದರಲ್ಲಿ ಹಳೆಯ ಹ್ಯಾಶ್ ಇರುತ್ತದೆ. ‘/ಇಟಿಸಿ/ಶ್ಯಾಡೊ-’ ಎಂದು ಕೊನೆಯಲ್ಲಿ ಅಡ್ಡಗೆರೆ ಇರುವ ಕಡತ ಕಂಡರೆ ಅದು ವ್ಯವಸ್ಥೆ ತಾನೇ ಇಟ್ಟುಕೊಂಡ ಹಿಂದಿನ ಪ್ರತಿ, ಅದನ್ನು ಹಾಗೇ ಬಿಡಬಹುದು. ಮೊಬಿಯನ್ ಕಾರ್ಡನ್ನು ನಾನು ಹೆಸರು ಬರೆದು ಲಕೋಟೆಯಲ್ಲಿ ಹಾಕಿ ಲೆಕ್ಕದ ಪುಸ್ತಕದ ಜೊತೆ ಇಟ್ಟಿದ್ದೇನೆ, ಅದರ 1234 ಅನ್ನೂ ಬದಲಿಸಿದ್ದೇನೆ.